ಹತ್ತೂ ಐದರ ಬಿಳಿ ಟೇಪು

"ಕೆಂಪಗಲ್ಲ ಮೇಡಂ, ನೀಲಿ! ತುಟಿ ನೀಲಿ, ಉಗುರು ನೀಲಿ. ನಾನೇನು ಕುರುಡೀನಾ?"

ಸಿಸ್ಟರ್ ಕೈಲಿದ್ದ ಒದ್ದೆ ಬಟ್ಟೆಯನ್ನು ರಪ್ಪೆಂದು ಬಕೆಟ್ಟಿಗೆ ಎಸೆದಳು. ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಆಂಬುಲೆನ್ಸಿನ ಬಾಗಿಲು ಹಾರುಹೊಡೆದಿತ್ತು. ಹದಿನಾರು ವರ್ಷ ಅದೇ ಗಾಡಿಯಲ್ಲಿ ಓಡಾಡಿದ ಹೆಂಗಸು, ಸ್ಟ್ರೆಚರನ್ನು ಮೂರು ದಿನದಿಂದ ತೊಳೆಯುತ್ತಲೇ ಇದ್ದಾಳೆ ಎಂದು ಡ್ರೈವರ್ ಆಗಲೇ ಪಿಸುಗುಟ್ಟಿದ್ದ.

ಇನ್ಸ್‌ಪೆಕ್ಟರಮ್ಮ ಗಾಡಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಠಾಣೆಯಲ್ಲಿ ಎದುರಿಗೆ ಅವಳು 'ಮೇಡಂ', ಬೆನ್ನ ಹಿಂದೆ 'ಜಿಗಣೆ'. ಆ ಹೆಸರು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

"ಹೊಗೆ ಕುಡಿದು ಸತ್ತಿದ್ರೆ?"

"ತುಟಿ ಕೆಂಪಗಿರುತ್ತೆ, ಬಣ್ಣ ಹಚ್ಚಿದ ಹಾಗೆ. ಇವರದು ನೀಲಿ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು, ಟಾರ್ಚ್ ಬಿಟ್ರೂ ಅಲ್ಲಾಡ್ಲಿಲ್ಲ. ಅದನ್ನೆಲ್ಲ ಚೀಟೀಲಿ ಬರೆದುಕೊಟ್ಟೆ. ಈಗ ಚೀಟಿಯೇ ಇಲ್ಲವಂತೆ!"

ಇನ್ಸ್‌ಪೆಕ್ಟರಮ್ಮನ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದವನು ಪೇದೆ ಮೀಸೆ. ಹೆಸರಿಗಷ್ಟೇ ಮೀಸೆ, ಮುತ್ತು ಕೊಡುವಾಗ ಚುಚ್ಚುತ್ತದೆ ಎಂದು ಮೊಮ್ಮಗಳು ಅತ್ತದ್ದೇ ತಡ, ಈ ಮಹಾರಾಯ ಮೂವತ್ತು ವರ್ಷ ಸಾಕಿದ್ದನ್ನು ಒಂದೇ ಬೆಳಿಗ್ಗೆ ಬೋಳಿಸಿಕೊಂಡಿದ್ದ. ಹೆಸರು ಮಾತ್ರ ಮುಖ ಬಿಟ್ಟು ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಔಷಧಿ ಕಾರ್ಖಾನೆಯ ಕೆಲಸಗಾರರು ತಮ್ಮ ಸಂಘದ ಸಭಾಂಗಣದಲ್ಲಿ ಸೇರಿದ್ದರು. ಇಪ್ಪತ್ತೊಂದು ಜನರಲ್ಲಿ ಒಂಬತ್ತು ಜನ ಕುಳಿತ ಕುರ್ಚಿಯಲ್ಲೇ ತೂಕಡಿಸಿ, ಮತ್ತೆ ಏಳಲಿಲ್ಲ. ಕರೆಂಟು ಹೋಗಿತ್ತು, ಜನರೇಟರಿನ ಹೊಗೆ ಏಸಿ ಕೊಳವೆಯೊಳಗೆ ನುಗ್ಗಿತು, ಏಸಿ ಮೆಕ್ಯಾನಿಕ್ಕಿನ ನಿರ್ಲಕ್ಷ್ಯ. ಮೂರೇ ಸಾಲಿನಲ್ಲಿ ಮೇಲಿನವರು ಕೈ ತೊಳೆದುಕೊಂಡಿದ್ದರು.

ಆ ಮೆಕ್ಯಾನಿಕ್ ಇನ್ಸ್‌ಪೆಕ್ಟರಮ್ಮನ ಒಡಹುಟ್ಟಿದ ತಮ್ಮ.

ಒಡಹುಟ್ಟಿದವನ ಕೇಸನ್ನು ಅವಳು ನೋಡುವ ಹಾಗಿಲ್ಲ, ಸರಿ. ಸಂಜೆ ಐದಕ್ಕೆ ಫೈಲು ಒಪ್ಪಿಸಬೇಕು ಎಂದು ಸಾಹೇಬರ ಆದೇಶವೂ ಆಗಿತ್ತು. ಜೊತೆಗೆ ಒಂದು ಬಾಲ: "ಅಪಘಾತ ಅಂತ ಬರೆದು ಸಹಿ ಹಾಕಿಬಿಡಮ್ಮ. ನಿನ್ನ ತಮ್ಮ ಆರು ತಿಂಗಳಲ್ಲಿ ಮನೆಗೆ ಬರ್ತಾನೆ."

"ಒಂಬತ್ತು ಹೆಣದ ಮೇಲೆ ತಿಪ್ಪೆ ಸಾರಿಸೋಕೆ ಬೇರೆ ಯಾರನ್ನಾದ್ರೂ ನೋಡಿ ಸರ್. ಐದು ಗಂಟೆವರೆಗೆ ಫೈಲು ನನ್ನದು," ಎಂದು ಅವಳು ಬಾಗಿಲು ದಾಟಿ ಬಂದಿದ್ದಳು. ಈಗ ನಾಲ್ಕೂ ಕಾಲು.

"ಹಾಗಾದ್ರೆ ಏನಿದು ಸಿಸ್ಟರ್? ಬಿಡಿಸಿ ಹೇಳು, ನನ್ನದು ದಪ್ಪ ತಲೆ."

"ಆಪರೇಷನ್ ಮಾಡುವಾಗ ನೋವು ಗೊತ್ತಾಗದ ಹಾಗೆ ಮದ್ದು ಕೊಡ್ತಾರಲ್ಲ, ಅದೇ ವಂಶದ್ದು. ಆದರೆ ಅದಕ್ಕಿಂತ ಎಷ್ಟೋ ಪಟ್ಟು ಜೋರು. ಕಾರ್ಖಾನೇಲೇ ಹುಟ್ಟೋದು. ಮೈಗೆ ಹೊಕ್ಕರೆ ಉಸಿರೆಳೆಯೋದನ್ನೇ ಮೈ ಮರೆತುಬಿಡುತ್ತೆ. ಅಷ್ಟೇ. ಕಿರುಚಾಟ ಇಲ್ಲ, ರಕ್ತ ಇಲ್ಲ." ಸಿಸ್ಟರ್ ಬಕೆಟ್ಟಿನ ಬಟ್ಟೆ ತೆಗೆದು ಹಿಂಡಿದಳು. "ಆ ಮತ್ತು ಇಳಿಸೋ ಇಂಜೆಕ್ಷನ್ ಇದೆ ಮೇಡಂ. ಚುಚ್ಚಿದ ಎರಡು ನಿಮಿಷಕ್ಕೆ ಹೆಣದಂಗೆ ಬಿದ್ದೋರು ಎದ್ದು ಕೂತ್ಕೊಳ್ತಾರೆ. ನನ್ನ ಡಬ್ಬೀಲಿ ಅವತ್ತು ಇದ್ದದ್ದು ಎರಡು. ಎರಡೇ ಎರಡು!"

ಅವಳು ಸೊಂಟಕ್ಕೆ ಕಟ್ಟಿಕೊಂಡಿದ್ದ ಚೀಲವನ್ನು ತಟ್ಟಿದಳು. ಭಾನುವಾರದಿಂದೀಚೆಗೆ ಕಂಡಕಂಡ ವಾರ್ಡಿನಲ್ಲಿ ಕಾಡಿ ಬೇಡಿ ಒಂದೊಂದಾಗಿ ಕೂಡಿಸಿಕೊಂಡಿದ್ದ ಇಂಜೆಕ್ಷನ್‌ಗಳು ಅದರಲ್ಲಿದ್ದವು. ಮಲಗುವಾಗಲೂ ಬಿಚ್ಚುವುದಿಲ್ಲ ಎಂದಳು.

ಸಭೆ ಸೇರಿದ್ದದ್ದು ಯಾತಕ್ಕೆ ಎನ್ನುವುದು ಇನ್ಸ್‌ಪೆಕ್ಟರಮ್ಮನಿಗೆ ಗೊತ್ತಿತ್ತು. ಕಾರ್ಖಾನೆಯ ಏಳನೇ ಶೆಡ್ಡಿನಲ್ಲಿ ಯಾವ ರೋಗಕ್ಕೂ ಬೇಡದ, ಯಾವ ಲೇಬಲ್ಲಿನಲ್ಲೂ ಇಲ್ಲದ ಸರಕು ತಯಾರಾಗುತ್ತಿದೆ, ಕೊಳ್ಳುವವರು ಅದನ್ನು ಬಂದೂಕಿನ ಗುಂಡಿನ ಬದಲು ಬಳಸುವವರು ಎಂದು ಅವರೆಲ್ಲ ಅಂದು ಒಂದು ಅರ್ಜಿಗೆ ಸಹಿ ಹಾಕುವವರಿದ್ದರು. ಹೆಣಗಳು ಸಿಕ್ಕವು. ಅರ್ಜಿ ಸಿಗಲಿಲ್ಲ.

"ಆ ಎರಡನ್ನ ಯಾರ್ಯಾರಿಗೆ ಕೊಟ್ಟೆ?"

"ಮೊದಲ್ನೇದು ಬಾಗಿಲ ಹತ್ತಿರ ಇದ್ದ ಮುದುಕಪ್ಪಂಗೆ. ಟೈಮ್ ಬರೆದು ಟೇಪು ಅಂಟಿಸಿದೆ, ಎರಡನೇದು ಹಿಡ್ಕೊಂಡು—"

"ತಡಿ ತಡಿ. ಎಂಥಾ ಟೇಪು?"

ಇದನ್ನೂ ಹೇಳಬೇಕಾ ಎನ್ನುವ ಹಾಗೆ ಸಿಸ್ಟರ್ ನೋಡಿದಳು. "ಬಿಳೀ ಟೇಪು, ಗಾಯಕ್ಕೆ ಹಾಕೋದು. ಈ ಇಂಜೆಕ್ಷನ್ ದಮ್ಮು ಹೆಚ್ಚು ಹೊತ್ತಿಲ್ಲ ಮೇಡಂ, ಅದು ಇಳಿದ ಮೇಲೆ ಆ ವಿಷದ ಮತ್ತು ವಾಪಸ್ ಎಳೆಯುತ್ತೆ. ಅದಕ್ಕೇ ಕೊಟ್ಟ ಟೈಮನ್ನ ಟೇಪಿನ ಮೇಲೆ ಬರೆದು ಮಣಿಕಟ್ಟಿಗೆ ಅಂಟಿಸ್ತೀವಿ, ಮುಂದೆ ನೋಡೋರಿಗೆ ಎರಡನೇ ಸಲ ಯಾವಾಗ ಅಂತ ಗೊತ್ತಾಗಲಿ ಅಂತ. ಕೈಗೆ ಕೂತ ಅಭ್ಯಾಸ. ನಿದ್ದೇಲಿ ಎಬ್ಬಿಸಿ ಇಂಜೆಕ್ಷನ್ ಕೊಡು ಅಂದ್ರೂ ಮೊದಲು ಟೇಪು ಹರೀತೀನಿ."

"ಸರಿ, ಎರಡನೇದು?"

"ಅದೇ ಸಭೇಲಿ ಬಿದ್ದಿದ್ದ ಕಾರ್ಖಾನೆ ಡಾಕ್ಟರಿಗೆ ಕೊಡೋಣ ಅಂತ ಬಗ್ಗಿದೆ. ನೋಡಿದ್ರೆ ಅವರ ಕೈಲಿ ಆಗ್ಲೇ ಟೇಪಿತ್ತು. ಸದ್ಯ, ಯಾರೋ ಕೊಟ್ಟಿದಾರೆ ಅಂದ್ಕೊಂಡು ಪಕ್ಕದ ಹುಡುಗಿಗೆ ಕೊಟ್ಟೆ. ಅವಳು ಉಳ್ಕೊಂಡ್ಲು."

"ನಿನಗಿಂತ ಮುಂಚೆ ಯಾವ ಆಂಬುಲೆನ್ಸ್ ಬಂದಿತ್ತು?"

"ನಮ್ಮದೇ ಮೊದಲ್ನೇದು. ಅಲ್ಲಿಗೆ ನಾನೇ ಮೊದಲು..." ಅವಳ ಕೈ ತಾನಾಗಿಯೇ ಬಾಯಿಗೆ ಹೋಯಿತು. "ಅಯ್ಯೋ ದೇವರೇ. ಮತ್ತೆ ಅದನ್ನ ಅಂಟಿಸಿದ್ಯಾರು?"

ಇನ್ಸ್‌ಪೆಕ್ಟರಮ್ಮ ಆಗಲೇ ಎದ್ದು ಸೀರೆ ಕೊಡವಿಕೊಂಡಾಗಿತ್ತು. "ಬಾ ಕಣಮ್ಮ, ಅವರನ್ನೇ ಕೇಳೋಣ."

*

ಮೂರನೇ ಮಹಡಿಗೆ ಮೆಟ್ಟಿಲು ಹತ್ತುವಾಗ ಅವಳಿಗೆ ತಮ್ಮನ ಮುಖವೇ ಕಣ್ಣ ಮುಂದೆ. ಅಮ್ಮ ಹೋದಾಗ ಅವನಿಗೆ ಆರು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು, ಜ್ವರ ಬಂದರೆ ಒದ್ದೆ ಬಟ್ಟೆ ಹಾಕಿದವಳು ಇವಳೇ. ಅವನೋ, ಸುಳ್ಳು ಹೇಳಿದರೆ ಕಿವಿ ಕೆಂಪಗಾಗುವ ಜಾತಿ. ಇಂದು ಬೆಳಿಗ್ಗೆ ಲಾಕಪ್ಪಿನ ಕಂಬಿ ಹಿಡಿದು ನಿಂತವನು ತಲೆ ಎತ್ತಿರಲಿಲ್ಲ.

"ಅಕ್ಕಾ, ನೀನು ಈ ಕೇಸು ಬಿಟ್ಬಿಡು."

"ಯಾಕೋ? ನಿನ್ನ ತಲೆಗೆ ಒಂಬತ್ತು ಸಾವು ಕಟ್ಟಿದಾರೆ, ನಾನು ಸುಮ್ನೆ ಕೈಕಟ್ಟಿ ಕೂತ್ಕೊಳ್ಲಾ?"

"ನನ್ನಿಂದ ನಿನ್ನ ಕೆಲಸಕ್ಕೆ ಕುತ್ತು ಬರೋದು ಬೇಡ." ಹಾಗೆನ್ನುತ್ತ ಎಡಗೈ ಮಣಿಕಟ್ಟನ್ನು ಪರಪರ ಕೆರೆದುಕೊಂಡಿದ್ದ. ಅಲ್ಲಿ ಎರಡು ಬೆರಳಗಲ ಕೊಳೆ ಹತ್ತಿದ ಅಂಟು. ಏನೋ ಅದು ಎಂದಿದ್ದಕ್ಕೆ, ವೈರಿಗೆ ಸುತ್ತುವ ಟೇಪು ಎಂದಿದ್ದ. ಪಾಪ, ಕೆಲಸದ ಕೈ ಎಂದು ಇವಳು ಕಂಬಿಯೊಳಗೆ ಕೈ ತೂರಿಸಿ ಅವನ ಕೆನ್ನೆ ಸವರಿ ಬಂದಿದ್ದಳು.

ಇವನನ್ನು ಬಿಡಿಸದಿದ್ದರೆ ನಾನು ಅಕ್ಕನೇ ಅಲ್ಲ. ಮೂರು ಮಹಡಿಯುದ್ದಕ್ಕೂ ಅವಳ ಹೆಜ್ಜೆ ಹೇಳಿದ್ದು ಅದನ್ನೇ.

ವಾರ್ಡು ಕಾದ ಬಾಣಲೆಯಾಗಿತ್ತು. ಭಾನುವಾರ ಉಳಿದುಕೊಂಡ ಹನ್ನೆರಡು ಜನರನ್ನೂ ಒಂದೇ ಕಡೆ ಹಾಕಿದ್ದರು, ಆರಾರು ಮಂಚದ ಎರಡು ಸಾಲು. ಕಿಟಕಿಗೆ ತೆರೆಯಲಾಗದ ದಪ್ಪ ಗಾಜು. ಏಸಿ ಎರಡು ದಿನದಿಂದ ಕೆಟ್ಟಿತ್ತು. ಆಸ್ಪತ್ರೆಯ ಏಸಿ ನೋಡಿಕೊಳ್ಳುತ್ತಿದ್ದವನೂ ಅವಳ ತಮ್ಮನೇ, ಅವನೋ ಲಾಕಪ್ಪಿನಲ್ಲಿ. ಚಾವಣಿಯ ಗಾಳಿಕಿಂಡಿಯ ಜಾಲರಿಗೆ ಅವನು ಕಟ್ಟಿದ್ದ ಗೇಣುದ್ದ ಕೆಂಪು ರಿಬ್ಬನ್ ಜೋಲುಬಿದ್ದಿತ್ತು. ತಾನು ಕೈಯಿಟ್ಟ ಪ್ರತಿ ಕಿಂಡಿಗೂ ಒಂದು ರಿಬ್ಬನ್ ಕಟ್ಟುವುದು ಅವನ ಪದ್ಧತಿ. ಗಾಳಿ ಬರ್ತಿದೆಯೋ ಇಲ್ಲವೋ ಏಣಿ ಹತ್ತದೆ ಗೊತ್ತಾಗಬೇಕಲ್ಲ ಅಕ್ಕ ಎನ್ನುತ್ತಿದ್ದ.

ಕೊನೆಯ ಮಂಚದಲ್ಲಿ ಕಾರ್ಖಾನೆ ಡಾಕ್ಟರ್ ದಿಂಬಿಗೆ ಒರಗಿ ಪೇಪರ್ ಓದುತ್ತಿದ್ದರು. ಸಾವನ್ನು ಗೆದ್ದ ಡಾಕ್ಟರ್ ಎಂದು ಅವರದೇ ಫೋಟೊ ಅದರಲ್ಲಿತ್ತು. ಮುಂಚೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಮತ್ತು ಬರಿಸುತ್ತಿದ್ದವರು; ಕೈಗುಣದ ಮನುಷ್ಯ ಎಂದು ಹೆಸರು.

"ಬನ್ನಿ ಮೇಡಂ. ನಿಮ್ಮ ತಮ್ಮನ ವಿಷಯ ಕೇಳಿ ಬೇಜಾರಾಯ್ತು. ಬೇಕು ಅಂತ ಮಾಡಿದ್ದಲ್ಲ, ಪಾಪ."

"ನೀವು ಒಳ್ಳೆಯೋರು ಡಾಕ್ಟ್ರೇ. ಅವತ್ತು ಏನೇನಾಯ್ತು ಅಂತ ಇನ್ನೊಂದು ಸಲ ಹೇಳ್ಬಿಡಿ, ಮುಗಿಸ್ತೀನಿ."

"ಹತ್ತೂ ಇಪ್ಪತ್ತಕ್ಕೆ ಕರೆಂಟ್ ಹೋಯ್ತು. ಜನರೇಟರ್ ಹಾಕಿದ್ರು. ಡೀಸೆಲ್ ವಾಸನೆ ಬಂತು. ಎಲ್ಲರೂ ತೂಕಡಿಸೋಕೆ ಶುರು ಮಾಡಿದ್ರು. ಎದ್ದು ಬಾಗಿಲು ತೆಗೀಬೇಕು ಅಂದ್ಕೊಂಡೆ, ಕಾಲು ಬರ್ಲಿಲ್ಲ. ಆಮೇಲೆ ಕಣ್ಣು ಬಿಟ್ಟಿದ್ದು ಇಲ್ಲೇ."

"ಅಲ್ಲೀತನಕ ಆರಾಮಾಗಿದ್ರಿ? ಯಾವ ಮಾತ್ರೆ, ಇಂಜೆಕ್ಷನ್ ಏನೂ ತಗೊಂಡಿರ್ಲಿಲ್ಲ?"

"ನನಗ್ಯಾಕೆ ಮೇಡಂ ಇಂಜೆಕ್ಷನ್?" ಡಾಕ್ಟರ್ ನಕ್ಕರು.

"ಬರ್ಕೊಂಡ್ಯಾ ಮೀಸೆ?"

"ಅಕ್ಷರ ಬಿಡದೆ, ಮೇಡಂ."

ಇನ್ಸ್‌ಪೆಕ್ಟರಮ್ಮ ಅವರನ್ನು ಬಿಟ್ಟು, ಹಳೇ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಆಯಾ ಕಡೆ ತಿರುಗಿದಳು. "ಡಾಕ್ಟರಿಗೆ ಮೈ ಒರೆಸಿದ್ದು ನೀನೇನಾ? ಕೈಲಿ ಒಂದು ಟೇಪಿತ್ತಲ್ಲ, ಏನು ಮಾಡ್ದೆ?"

"ನಾನ್ಯಾಕೆ ಎಸೀಲಿ ತಾಯಿ!" ಆಯಾಳಿಗೆ ಕೋಪವೇ ಬಂತು. "ಟೈಮ್ ಬರೆದಿರೋ ಟೇಪು ಎಸೆದ್ರೆ ಹೆಡ್ ಸಿಸ್ಟರ್ ನನ್ನ ಚರ್ಮ ಸುಲೀತಾರೆ. ಕಿತ್ತು ಬಂದ್ರೆ ಮಂಚದ ಕಾಲ್ದೆಸೆಗೆ ಅಂಟಿಸ್ಬೇಕು. ಅಂಟಿಸಿದೀನಿ, ನೋಡ್ಕೊಳ್ಳಿ ಬೇಕಾದ್ರೆ."

ಅದು ಅಲ್ಲೇ ಇತ್ತು. ಮಂಚದ ಕಾಲ್ದೆಸೆಯ ಕಬ್ಬಿಣದ ಪಟ್ಟಿಯ ಹೊರಬದಿಗೆ, ಮಲಗಿದವರ ಕಣ್ಣಿಗೆ ಬೀಳದ ಕಡೆ, ಎರಡು ಬೆರಳಗಲದ ಬಿಳಿ ಟೇಪು. ನೀಲಿ ಶಾಯಿಯಲ್ಲಿ ಹತ್ತು, ಎರಡು ಚುಕ್ಕೆ, ಸೊನ್ನೆ ಐದು.

ಎಂಥ ಮನುಷ್ಯ! ಒಂಬತ್ತು ಜನರ ಸಾವಿಗೆ ತಯಾರಿ ಮಾಡಿಕೊಂಡ. ಅದರಿಂದ ತಾನು ಉಳಿಯುವುದಕ್ಕೂ ತಯಾರಿ ಮಾಡಿಕೊಂಡ. ಆದರೆ ಚುಚ್ಚಿಕೊಂಡ ಮೇಲೆ ಟೇಪು ಹರಿದು ಟೈಮ್ ಬರೆದು ಅಂಟಿಸಿದ್ದು ಅವನ ತಲೆಯಲ್ಲ, ಕೈ. ಮೂವತ್ತು ವರ್ಷದ ಅಭ್ಯಾಸದ ಕೈ.

ಸಿಸ್ಟರ್ ಅದನ್ನು ಓದಿ ಡಾಕ್ಟರ ಕಡೆ ತಿರುಗಿದಳು. "ಕರೆಂಟ್ ಹೋಗೋಕೆ ಕಾಲು ಗಂಟೆ ಮುಂಚೆ... ನಾನು ನಿಮ್ಮನ್ನ ನೋಡಿ ಮುಂದಕ್ಕೆ ಹೋದೆ ಡಾಕ್ಟ್ರೇ. ನೀವು ಕಣ್ಣು ಮುಚ್ಕೊಂಡು ನಾಟಕ ಆಡ್ತಿದ್ರಿ. ನಿಮ್ಮ ಎಡಗಡೆ ಇದ್ದೋನು ಗೊರಗೊರ ಅಂತಿದ್ದ, ಕೇಳಿಸ್ಲಿಲ್ವಾ ನಿಮ್ಗೆ?"

ಡಾಕ್ಟರ್ ಪೇಪರ್ ಮಡಿಸಿದರು. ನಗು ಇನ್ನೂ ಅರ್ಧ ಉಳಿದಿತ್ತು. "ಮೇಡಂ, ಇದು ನಿಮ್ಮ ತಮ್ಮನ ಕೇಸು. ಅವನನ್ನ ಬಿಡಿಸೋಕೆ ನೀವು ಏನು ಬೇಕಾದ್ರೂ ಅಂಟಿಸ್ತೀರಿ ಅಂತಾರೆ. ನಿಮ್ಮ ಮಾತು ಯಾರು ಕೇಳ್ತಾರೆ?"

"ನನ್ನ ಮಾತು ಯಾರಿಗೆ ಬೇಕು? ಅದು ನಿಮ್ಮ ಕೈಬರಹ. ಅಂಟಿಗೆ ನಿಮ್ಮ ಮೈಕೂದಲು ಹತ್ತಿದೆ. ತೆಗೆದೋಳು ಆಯಾ, ನೋಡಿದೋಳು ಸಿಸ್ಟರ್. ನನ್ನ ಕಿವಿಗೆ ಹೂವಿಡೋಕೆ ಬಂದ್ರೆ ನಿಮ್ಮ ಬೇಳೆ ಬೇಯಲ್ಲ ಡಾಕ್ಟ್ರೇ. ಇಲ್ಲೇ ಹನ್ನೊಂದು ಜನ ಕೇಳಿಸ್ಕೊಳ್ತಿದಾರೆ, ಇವರ ಎದುರಿಗೇ ಹೇಳಿ, ಹತ್ತೂ ಐದಕ್ಕೆ ನಿಮಗೆ ಯಾವ ಕಾಯಿಲೆ ಬಂದಿತ್ತು?"

ಹನ್ನೊಂದು ಮಂಚಗಳಲ್ಲೂ ತಲೆ ಎದ್ದಿದ್ದವು. ಎದುರು ಸಾಲಿನಲ್ಲಿ, ಸಿಸ್ಟರ್ ಉಳಿಸಿದ ಹುಡುಗಿ ಎದ್ದು ಕುಳಿತಿದ್ದಳು. "ನಮ್ಮಪ್ಪ ಸತ್ತಿದ್ದು ಅಲ್ಲೇ," ಎಂದಳು. "ಹೇಳ್ರೀ. ನಮಗೂ ಕೇಳ್ಬೇಕು."

ಡಾಕ್ಟರ್ ಅವಳ ಕಡೆ ನೋಡಲಿಲ್ಲ. ಮಡಿಸಿದ ಪೇಪರನ್ನು ನೋಡುತ್ತಲೇ ಬಾಯಿಬಿಟ್ಟರು.

"ಯಾರನ್ನೂ ಸಾಯಿಸೋ ಮಾತೇ ಇರ್ಲಿಲ್ಲ. ಎಲ್ಲರೂ ಅರ್ಧ ಗಂಟೆ ನಿದ್ದೆ ಮಾಡ್ತಾರೆ, ಅಷ್ಟರಲ್ಲಿ ಅರ್ಜಿ ಎತ್ಕೊಂಡು ಬರೋದು ಅಂದಿದ್ರು. ಕೊಳ್ಳೋರಿಗೂ ತೋರಿಸಿದ ಹಾಗಾಗುತ್ತೆ, ಒಂದು ತೊಟ್ಟು ರಕ್ತ ಇಲ್ಲದೆ ಒಂದು ಸಭೇನೇ ಮಲಗಿಸ್ಬಹುದು ಅಂತ."

"ನೀವು ಆಪರೇಷನ್ನಿಗೆ ಮತ್ತು ಬರಿಸೋ ಡಾಕ್ಟ್ರು. ಒಬ್ಬೊಬ್ಬರ ತೂಕ ನೋಡಿ, ಪಕ್ಕದಲ್ಲೇ ಕೂತು, ಉಸಿರು ಎಣಿಸಿ ಕೊಡೋ ಮದ್ದು ಅದು. ಅದನ್ನ ಗಾಳಿಗೆ ಬಿಟ್ರಿ. ಆ ಮುದುಕರಿಗೆಷ್ಟು, ಈ ಹುಡುಗೀಗೆಷ್ಟು ಅಂತ ಗಾಳಿ ಅಳೆದು ಕೊಡುತ್ತಾ? ಇದು ನಿಮಗೆ ಗೊತ್ತಿರ್ಲಿಲ್ಲ ಅಂತ ಮಾತ್ರ ಹೇಳ್ಬೇಡಿ, ಕೆಟ್ಟ ಕೋಪ ಬರುತ್ತೆ. ಗೊತ್ತಿದ್ದಕ್ಕೇ ತಾನೇ ನೀವು ಚುಚ್ಕೊಂಡಿದ್ದು?"

ಡಾಕ್ಟರ್ ದಿಂಬಿನಿಂದ ಮುಂದಕ್ಕೆ ಬಗ್ಗಿದರು. ದನಿ ತಗ್ಗಿತು.

"ಸರಿ ಮೇಡಂ, ಬರ್ಕೊಳ್ಳಿ. ಆದರೆ ಪೂರ್ತಿ ಬರ್ಕೊಳ್ಳಿ. ಏಸಿ ಕೊಳವೆ ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅಂತ ನನಗೇನು ಗೊತ್ತು? ಅವತ್ತು ನಾನು ಹರಿದದ್ದು ಎರಡು ಟೇಪು. ಒಂದು ಇದು. ಇನ್ನೊಂದು ಯಾರ ಕೈಗೆ ಅಂತ ನಿಜವಾಗ್ಲೂ ಕೇಳ್ತೀರಾ?" ಮತ್ತೆ ಆ ನಗು. "ನೀವು ಈ ಟೇಪು ಮರೆತುಬಿಡಿ. ನಾನು ಅದನ್ನ ಮರೀತೀನಿ."

ಎರಡು ಬೆರಳಗಲ ಅಂಟು. ಕೊಳೆ ಹತ್ತಿದ ಅಂಟು. ಪರಪರ ಕೆರೆದುಕೊಂಡ ಕೈ.

ಬೆಳಿಗ್ಗೆ ತಮ್ಮನ ಕೆನ್ನೆ ಸವರಿದ ತನ್ನದೇ ಬೆರಳುಗಳನ್ನು ಇನ್ಸ್‌ಪೆಕ್ಟರಮ್ಮ ನೋಡಿಕೊಂಡಳು. ತಲೆ ಬಗ್ಗಿಸಿಕೊಂಡೇ ನಿಂತಿದ್ದನಲ್ಲ, ಕಿವಿ ಕೆಂಪಗಾಗಿತ್ತೋ ಇಲ್ಲವೋ ತಾನು ನೋಡಲೇ ಇಲ್ಲ. ಅಳು ಉಕ್ಕಿ ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು.

ಮೀಸೆಯ ಪೆನ್ನು ನಿಂತಿತ್ತು. "ಮೇಡಂ... ಈ ಸಾಲು ಬಿಡ್ಲಾ?"

"ಬರಿ."

"ಏನಂತ ಬರೀಲಿ?"

"ಎರಡನೇ ಟೇಪು ಏಸಿ ಮೆಕ್ಯಾನಿಕ್ಕಿಗೆ. ತನಿಖೆ ಮಾಡ್ತಿರೋಳ ಸ್ವಂತ ತಮ್ಮ. ಹಾಗಂತಲೇ ಬರಿ, ದೊಡ್ಡಕ್ಷರದಲ್ಲಿ ಬರಿ!" ಅವಳ ದನಿ ಒಡೆಯಿತು, ಮಾತು ಮಾತ್ರ ನಿಲ್ಲಲಿಲ್ಲ. "ಕೊಡು ಇಲ್ಲಿ, ಸಹಿ ಹಾಕ್ತೀನಿ. ನೋಡಿ ಡಾಕ್ಟ್ರೇ, ಮರೆಯೋದು ನನ್ನ ಕೈಲಾಗೋ ಕೆಲಸವಲ್ಲ."

ಅವಳು ಸಹಿ ಹಾಕಿ ಮುಗಿಸುವಷ್ಟರಲ್ಲಿ ವಾರ್ಡಿನ ಬಾಗಿಲು ತೆರೆಯಿತು. ಸಾಹೇಬರು. ಕೈಯಲ್ಲಿ ಕರವಸ್ತ್ರ, ಮುಖದಲ್ಲಿ ಉಪಕಾರ ಮಾಡಿದವರ ಕಳೆ.

"ಏನು ಸೆಕೆಯಮ್ಮ ಇಲ್ಲಿ! ಐದಾಗ್ತಾ ಬಂತು, ಫೈಲ್ ಕೊಡು. ಸುಮ್ನೆ ಸಿಡುಕಬೇಡ, ನಿನ್ನ ತಮ್ಮನ್ನ ಬಿಟ್ಟಿದೀನಿ."

"ಏನಂದ್ರಿ?"

"ಕಾರ್ಖಾನೆಯೋರೇ ಜಾಮೀನು ನಿಂತ್ರು. ದೊಡ್ಡ ಮನಸ್ಸು ಅವರದು. ಆಸ್ಪತ್ರೆ ಏಸಿ ಕೆಟ್ಟಿದೆ, ಅವನೊಬ್ಬನಿಗೇ ಆ ಮಷೀನ್ ಗೊತ್ತು, ಪಾಪ ರೋಗಿಗಳು ಬೇಯ್ತಿದಾರೆ ಅಂತ ಕಾರ್ ಕಳಿಸಿ ಇಲ್ಲಿಗೇ ಕರ್ಕೊಂಡು ಬಂದ್ರು. ಕೆಳಗೆ ಮಷೀನ್ ರೂಮಲ್ಲಿದಾನೆ."

"ಸರ್, ಅವನಿಗೆ..." ಅವಳು ತನ್ನ ಮಣಿಕಟ್ಟು ಹಿಡಿದು ತೋರಿಸಿದಳು. "ಅವನ ಕೈಲಿ ಏನಾದ್ರೂ ಇತ್ತಾ?"

"ಕೈಲಿ? ಹಾಂ, ನಿತ್ರಾಣವಾಗಿದಾನೆ ಅಂತ ಗೇಟಿನ ಹತ್ತಿರ ಕಾರ್ಖಾನೆ ನರ್ಸ್ ಒಂದು ಇಂಜೆಕ್ಷನ್ ಕೊಟ್ಲು. ಬಿಳೀ ಟೇಪು ಹಾಕಿ ಏನೋ ಟೈಮ್ ಬರೆದ್ಲು. ನಾಲ್ಕೂ ನಲವತ್ತು ಅಂತ ಕಾಣುತ್ತೆ. ಯಾಕೆ?"

ಹತ್ತೂ ಐದಕ್ಕೆ ಟೇಪು, ಹತ್ತೂ ಇಪ್ಪತ್ತಕ್ಕೆ ಗಾಳಿ. ಹದಿನೈದು ನಿಮಿಷ.

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಐದು ನಿಮಿಷವಿತ್ತು. ಇನ್ಸ್‌ಪೆಕ್ಟರಮ್ಮ ತಲೆ ಎತ್ತಿದಳು. ಚಾವಣಿಯ ಜಾಲರಿಯಲ್ಲಿ ಜೋಲುಬಿದ್ದಿದ್ದ ಕೆಂಪು ರಿಬ್ಬನ್ ಒಂದು ಸಲ ನಡುಗಿ, ಮೆಲ್ಲಗೆ ತುದಿ ಎತ್ತಿತು.

"ಅಬ್ಬಾ, ಬಂತು ಗಾಳಿ," ಎಂದಳು ಆಯಾ.

ಡಾಕ್ಟರ್ ಕೂಡ ಮೇಲೆ ನೋಡಿದರು. ಅವರ ಮುಖ ಸುಣ್ಣವಾಯಿತು. "ಇಲ್ಲ... ನನಗೆ ಯಾರೂ ಹೇಳ್ಲಿಲ್ಲ. ನನಗೆ ಇಂಜೆಕ್ಷನ್ ಕೊಡ್ಲಿಲ್ಲ! ನನಗೆ ಕೊಟ್ಟಿಲ್ಲ!" ಎನ್ನುತ್ತ ಮಂಚದಿಂದ ಧುಮುಕಲು ಹೋಗಿ ಚಾದರದಲ್ಲಿ ಸಿಕ್ಕಿಕೊಂಡು ಬಿದ್ದರು.

"ಮೀಸೆ, ಓಡು, ಮಷೀನ್ ನಿಲ್ಲಿಸು! ಅವನು ಅಡ್ಡ ಬಂದ್ರೆ ನನ್ನ ತಮ್ಮ ಅಂತ ನೋಡ್ಬೇಡ! ಸರ್, ಬಾಗಿಲು ತೆಗೆದಿಡಿ, ಒಬ್ಬೊಬ್ಬರನ್ನೇ ಹೊರಗೆ ಎಳೀರಿ! ಸಿಸ್ಟರ್, ಚೀಲದಲ್ಲಿ ಎಷ್ಟಿದೆ?"

"ಏಳು." ಸಿಸ್ಟರ್ ಆಗಲೇ ಮೊದಲ ಟೇಪು ಹರಿದಿದ್ದಳು. "ಹನ್ನೆರಡು ಮಂಚ ಮೇಡಂ, ಮೇಲೆ ನಾವು. ಏಳೇ ಏಳು."

"ನನ್ನನ್ನ ಬಿಟ್ಟು ಲೆಕ್ಕ ಹಾಕು."

ಇನ್ಸ್‌ಪೆಕ್ಟರಮ್ಮ ಸೆರಗನ್ನು ಮೂಗಿಗೆ ಸುತ್ತಿ ಸಿಕ್ಕಿಸಿ, ಮಂಚದ ಪಕ್ಕದ ಕಬ್ಬಿಣದ ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಗೆ ಬೀಸಿದಳು. ಗಾಜು ಬಿರಿಯಿತು, ಒಡೆಯಲಿಲ್ಲ. ಮೇಲೆ ರಿಬ್ಬನ್ ಈಗ ಪಟಪಟ ಹಾರುತ್ತಿತ್ತು. ಎದುರು ಸಾಲಿನ ಹುಡುಗಿ ಒಂದು ಸಲ ಆಕಳಿಸಿದಳು. ಇನ್ಸ್‌ಪೆಕ್ಟರಮ್ಮ ಸ್ಟೂಲನ್ನು ಮತ್ತೆ ಎತ್ತಿದಳು.